ಮುನ್ನೂರ ತೊಂಬತ್ತಾರು ತಂಡಗಳಿಗೆ ವಿಸಿಲು ಊದುವವರು ಯಾರು?

ಒಂಬತ್ತನೆಯ ತರಗತಿಯಲ್ಲಿ ಒಂದು ದಿನ ಪಾಠಪುಸ್ತಕದ ಹೊರಗಿನ ಲೆಕ್ಕವೊಂದನ್ನು ಕೊಟ್ಟೆ. ಒಂದು ಪಂದ್ಯಾಟದಲ್ಲಿ 396 ತಂಡಗಳಿವೆ. ಸೋತ ತಂಡ ಕೂಡಲೇ ಹೊರಗೆ. ಕೊನೆಗೆ ಒಂದೇ ತಂಡ ಉಳಿಯಬೇಕಾದರೆ ಒಟ್ಟು ಎಷ್ಟು ಪಂದ್ಯಗಳು ನಡೆಯಬೇಕು? ಮಕ್ಕಳು 198, 99, ಆಮೇಲೆ 49 ಮತ್ತು ಒಂದು ಬೈ ಎಂದು ಪುಟ ತುಂಬಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆಯೆತ್ತಿ, "395 ಮಾಷ್ಟ್ರೆ" ಎಂದ. ಹೇಗೆಂದು ಕೇಳಿದೆ. "ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗ್ತದೆ. 395 ತಂಡ ಹೋಗ್ಬೇಕಲ್ಲ!" ಸರಿಯಾದ ಉತ್ತರ, ಸರಿಯಾದ ದಾರಿ ಕೂಡ. ಪ್ರತಿ ಪಂದ್ಯಕ್ಕೆ ಇಬ್ಬರು ಅಂಪಾಯರ್‌ಗಳಾದರೆ ಎಷ್ಟಾಯಿತು ಎಂದು ಮುಂದುವರಿಸಿದೆ. 790 ಎಂದ. ಬಳಿಕ ಅವನೇ ಸ್ವಲ್ಪ ಯೋಚಿಸಿ, "ಅಷ್ಟು ಜನ ಎಲ್ಲಿ ಸಿಗ್ತಾರೆ ಮಾಷ್ಟ್ರೆ?" ಎಂದು ಕೇಳಿದ.

ಲೆಕ್ಕ ನಾನು ಕಲ್ಪಿಸಿದ್ದಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಸಿಗುವ ಕೊಡಗಿನಲ್ಲಿ, 2025ರಲ್ಲಿ ಮುದ್ದಂಡ ಮನೆತನದವರು ಮಡಿಕೇರಿಯಲ್ಲಿ ನಡೆಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಹೆಸರು ಕೊಟ್ಟ ತಂಡಗಳ ಸಂಖ್ಯೆ 396. ಹಿಂದಿನ ವರ್ಷ, 2024ರಲ್ಲಿ, ಕುಂಡ್ಯೋಳಂಡ ಮನೆತನದವರು ನಾಪೋಕ್ಲಿನಲ್ಲಿ ನಡೆಸಿದಾಗ 360. 1997ರಲ್ಲಿ ವಿರಾಜಪೇಟೆ ಸಮೀಪದ ಕರಡದಲ್ಲಿ ಪಾಂಡಂಡ ಮನೆತನದವರು ಮೊದಲ ಬಾರಿ ನಡೆಸಿದಾಗ ಇದ್ದದ್ದು 60 ತಂಡಗಳು. ಹಣಕ್ಕಾಗಿ ಆಡುವವರು ಇಲ್ಲಿಲ್ಲ. ತೋಟದವರು, ಸೈನ್ಯದಿಂದ ರಜೆಯಲ್ಲಿ ಬಂದವರು, ಬೆಂಗಳೂರಿನ ಕಚೇರಿಯವರು, ಕಾಲೇಜಿನ ಹುಡುಗಿಯರು, ಅಜ್ಜಿಯರು, ಇನ್ನೂ ಹಾಲುಹಲ್ಲು ಬಿದ್ದು ಮುಗಿಯದ ಮಕ್ಕಳು, ಎಲ್ಲರೂ ತಮ್ಮ ತಮ್ಮ ಮನೆತನದ ಹೆಸರಿನಲ್ಲಿ ಕೋಲು ಹಿಡಿಯುತ್ತಾರೆ. ಲಿಮ್ಕಾ ದಾಖಲೆ ಪುಸ್ತಕದವರೂ ಇದನ್ನು ಬರೆದುಕೊಂಡರು. ಗೆದ್ದವರ ಹೆಸರು, ಗೋಲು ಹೊಡೆದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಆ ಏಳುನೂರ ತೊಂಬತ್ತು ಸಲ ಮೈದಾನಕ್ಕಿಳಿದವರ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಈ ಲೇಖನ ಅವರ ಕುರಿತಾದದ್ದು.

ಈ ಉತ್ಸವವನ್ನು ಹುಟ್ಟುಹಾಕಿದ ಪಾಂಡಂಡ ಕುಟ್ಟಪ್ಪನವರು ಬ್ಯಾಂಕ್ ಉದ್ಯೋಗದಲ್ಲಿದ್ದವರು. ಅದರೊಂದಿಗೆ ಪ್ರಥಮ ಡಿವಿಜನ್ ಹಾಕಿಯಲ್ಲಿ ವಿಸಿಲು ಊದಿದವರು ಎಂಬ ಸಂಗತಿ ಅನೇಕರಿಗೆ ನೆನಪಿಲ್ಲ. ಇದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಆಟಗಾರನ ಕಣ್ಣಿಗೆ ಕಾಣುವುದು ತನ್ನ ತಂಡ. ಎರಡೂ ತಂಡಗಳನ್ನು ಒಟ್ಟಿಗೆ ನೋಡಿ ಅಭ್ಯಾಸವಿರುವವನು ಮೈದಾನದಲ್ಲಿ ಅಂಪಾಯರ್ ಒಬ್ಬನೇ. ಚದುರಿಹೋಗುತ್ತಿದ್ದ ಮನೆತನಗಳನ್ನೆಲ್ಲ ಒಂದು ಮೈದಾನಕ್ಕೆ ಕರೆತರಬೇಕೆಂಬ ಯೋಚನೆ ಅಂಥವರೊಬ್ಬರ ತಲೆಗೆ ಹೊಳೆದದ್ದು ಸಹಜವಾಗಿಯೇ ಇದೆ. ಕುಟ್ಟಪ್ಪನವರು 2020ರಲ್ಲಿ ತೀರಿಕೊಂಡರು. ಆಗ ಉತ್ಸವ ನಿಂತಿತ್ತು. 2018ರ ಮಳೆಗಾಲದ ಭೂಕುಸಿತ, ಅದರ ಬೆನ್ನಿಗೆ ಕೋವಿಡ್, ಹೀಗೆ 2019ರಿಂದ ನಾಲ್ಕು ವರ್ಷ ಅದು ನಡೆಯಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಮನೆತನದವರು ಮತ್ತೆ ಆರಂಭಿಸಿದಾಗ 336 ತಂಡಗಳು ಬಂದವು.

ಆಟಗಾರ ನಾಲ್ಕು ವರ್ಷ ಬಿಟ್ಟು ಬಂದರೆ ಹೊಟ್ಟೆ ಸ್ವಲ್ಪ ಮುಂದೆ ಬಂದಿರುತ್ತದೆ, ಅಷ್ಟೆ. ಅಂಪಾಯರ್ ನಾಲ್ಕು ವರ್ಷ ಬಿಟ್ಟರೆ ಕಣ್ಣು ಮೊಂಡಾಗುತ್ತದೆ, ನಿಯಮಗಳು ಬದಲಾಗಿರುತ್ತವೆ, ಮತ್ತು ಆ ನಾಲ್ಕು ವರ್ಷಗಳಲ್ಲಿ ವಿಸಿಲು ಹಿಡಿಯಬೇಕಾಗಿದ್ದ ಹೊಸಬರು ಬೇರೆ ಕೆಲಸ ಹುಡುಕಿಕೊಂಡಿರುತ್ತಾರೆ.

ಲೆಕ್ಕಕ್ಕೆ ಮರಳೋಣ. ಇಪ್ಪತ್ತು ಮಂದಿ ಅಂಪಾಯರ್‌ಗಳು ಸಿಕ್ಕಿದರೆಂದು ಇಟ್ಟುಕೊಳ್ಳಿ. ತಲೆಗೆ ಸುಮಾರು ನಲ್ವತ್ತು ಪಂದ್ಯಗಳು ಬೀಳುತ್ತವೆ. ಒಂದು ತಿಂಗಳಿಗೆ ಹಂಚಿದರೆ ದಿನಕ್ಕೆ ಒಂದೂವರೆ ಆಗಲಿಲ್ಲ, ಅದೇನು ಮಹಾ ಎನ್ನಬಹುದು. ಆದರೆ ಸೋತವರು ಹೊರಗೆ ಹೋಗುವ ಪಂದ್ಯಾಟದಲ್ಲಿ ಪಂದ್ಯಗಳು ತಿಂಗಳಿಡೀ ಸಮನಾಗಿ ಹರಡಿಕೊಂಡಿರುವುದಿಲ್ಲ. 395ರಲ್ಲಿ 198 ಮೊದಲ ಸುತ್ತಿನಲ್ಲೇ ಮುಗಿಯಬೇಕು. ಎಂದರೆ ಅರ್ಧಕ್ಕರ್ಧ ಕೆಲಸ ಮೊದಲ ಕೆಲವು ದಿನಗಳಲ್ಲಿ, ಒಂದಕ್ಕಿಂತ ಹೆಚ್ಚು ಮೈದಾನಗಳಲ್ಲಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಆ ದಿನಗಳಲ್ಲಿ ಅನುಭವಿಗಳು ಸಾಲುವುದಿಲ್ಲ, ಹೊಸಬರನ್ನು ಇಳಿಸಲೇಬೇಕು. ಮೊದಲ ಸುತ್ತು ಸುಲಭವೆಂದು ಹೊರಗಿನವರು ಭಾವಿಸುತ್ತಾರೆ. ನಿಜಕ್ಕೂ ಅದೇ ಕಷ್ಟದ್ದು. ಅಂತಿಮ ಪಂದ್ಯದಲ್ಲಿ ಇಪ್ಪತ್ತೆರಡು ಮಂದಿಗೂ ಆಟ ಗೊತ್ತಿರುತ್ತದೆ. ಮೊದಲ ಸುತ್ತಿನಲ್ಲಿ ಒಂದು ಕಡೆ ಭಾರತಕ್ಕೆ ಆಡಿದವರೊಬ್ಬರು ನಿಂತಿರಬಹುದು, ಅವರೆದುರು ಹನ್ನೆರಡು ವರ್ಷದ ಹುಡುಗಿ ನಿಂತಿರಬಹುದು.

ಇಲ್ಲಿ ನಿಯಮಪುಸ್ತಕ ಅಂಪಾಯರ್‌ನ ತಲೆಯ ಮೇಲೆ ಒಂದು ದೊಡ್ಡ ಹೊರೆ ಇಡುತ್ತದೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಗಟ್ಟಿ ಚೆಂಡು. ಅದು ಮೇಲಕ್ಕೆದ್ದು ಬಂದಾಗ ಅಪಾಯಕಾರಿಯೇ ಅಲ್ಲವೇ ಎಂಬುದಕ್ಕೆ ಪುಸ್ತಕ ಕೊಡುವ ಅಳತೆಗೋಲೆಂದರೆ, ಎದುರಿನ ಆಟಗಾರ ನ್ಯಾಯವಾಗಿ ತಪ್ಪಿಸಿಕೊಳ್ಳಬೇಕಾಗಿ ಬಂದಿತೇ ಎಂಬುದು. ಒಲಿಂಪಿಕ್ಸ್ ಆಡಿದವನಿಗೆ ಅದು ಕೋಲಿನಲ್ಲಿ ತಡೆಯಬಹುದಾದ ಚೆಂಡು. ಅರುವತ್ತು ದಾಟಿದ ಅಜ್ಜಿಗೆ ಅದು ಮುಖಕ್ಕೆ ಬರುವ ಕಲ್ಲು. ಚೆಂಡು ಒಂದೇ, ವೇಗ ಒಂದೇ, ತೀರ್ಪು ಎರಡು. ಜೊತೆಗೆ ಇದು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಬಳಕೆಗೆ ಬಂದ ಕೃತಕ ಹಾಸಿನ ಆಟವಲ್ಲ. ಮಣ್ಣು, ಹುಲ್ಲು, ಅಲ್ಲಲ್ಲಿ ಉಬ್ಬು ತಗ್ಗು. ಹೊಡೆದವನ ತಪ್ಪಿಲ್ಲದೆ ಚೆಂಡು ಮೇಲಕ್ಕೇಳುತ್ತದೆ. ಕ್ಷಣಾರ್ಧದಲ್ಲಿ ಇವೆಲ್ಲವನ್ನೂ ತೂಗಿ ನೋಡಬೇಕಾದವನು ಬಹುಶಃ ಆ ಬೆಳಿಗ್ಗೆ ಮೊದಲ ಸಲ ದೊಡ್ಡ ಮೈದಾನಕ್ಕಿಳಿದ ಇಪ್ಪತ್ತರ ಹುಡುಗ.

ಸಂಬಂಧಿಕರ ಲೆಕ್ಕ

ಹವ್ಯಾಸಿ ಹಾಕಿಗೆ ಅಂಪಾಯರ್‌ಗಳನ್ನು ಹೊಂದಿಸುವುದಕ್ಕೆ ಲೋಕದಲ್ಲಿ ಎರಡು ಕ್ರಮಗಳಿವೆ. ಇಂಗ್ಲೆಂಡಿನ ಕೆಳಹಂತದ ಲೀಗುಗಳಲ್ಲಿ ಸಾಮಾನ್ಯವಾಗಿ ಪ್ರತಿ ಕ್ಲಬ್ಬು ತನ್ನದೇ ಒಬ್ಬ ಅಂಪಾಯರ್‌ನನ್ನು ಕರೆದುಕೊಂಡು ಬರಬೇಕು. ಒಂದು ಮೈದಾನದಲ್ಲಿ ಇಬ್ಬರು. ಆ ಕಡೆಯವರೊಬ್ಬರು, ಈ ಕಡೆಯವರೊಬ್ಬರು. ಲೆಕ್ಕ ಸರಿಯಾಗುತ್ತದೆ, ಖರ್ಚು ಕಡಿಮೆ. ಮೇಲಿನ ಹಂತಗಳಿಗೆ ಹೋದಂತೆ ಎರಡೂ ಕಡೆಗೆ ಸಂಬಂಧಪಡದವರನ್ನು ಸಂಘವೇ ನೇಮಿಸುತ್ತದೆ. ಮೊದಲನೆಯ ಕ್ರಮದಲ್ಲಿ ಅಂಪಾಯರ್‌ಗಳ ಸಂಖ್ಯೆ ಬೆಳೆಯುತ್ತದೆ, ಏಕೆಂದರೆ ಅಂಪಾಯರ್ ಇಲ್ಲದಿದ್ದರೆ ತಂಡಕ್ಕೆ ಆಟವಿಲ್ಲ. ಎರಡನೆಯದರಲ್ಲಿ ನಂಬಿಕೆ ಬೆಳೆಯುತ್ತದೆ.

ಕೊಡಗಿನಲ್ಲಿ 'ಎರಡೂ ಕಡೆಗೆ ಸಂಬಂಧಪಡದವರು' ಎಂಬ ಮಾತನ್ನು ಹೇಳುವುದು ಸುಲಭ. ಅಲ್ಲಿ ಒಕ್ಕವೆಂದರೆ ತಂದೆಯ ಕಡೆಯಿಂದ ಬರುವ ಮನೆತನ. ಮದುವೆ ಬೇರೆ ಒಕ್ಕದಿಂದಲೇ ಆಗಬೇಕು. ಹಾಗಾಗಿ ಕೊಡವ ಅಂಪಾಯರ್ ಒಬ್ಬನಿಗೆ ತನ್ನ ಒಕ್ಕವೊಂದಿದೆ, ತಾಯಿಯ ತವರು ಒಂದಿದೆ, ಹೆಂಡತಿಯದೊಂದು, ಅಕ್ಕನನ್ನು ಕೊಟ್ಟದ್ದೊಂದು, ತಂಗಿಯನ್ನು ಕೊಟ್ಟದ್ದು ಇನ್ನೊಂದು. ಇಷ್ಟನ್ನೂ ಬಿಟ್ಟು ಅವನಿಗೆ ಪಂದ್ಯ ಕೊಡಬೇಕು. ಜೊತೆಗಾರನಿಗೂ ಅಷ್ಟೇ ಮನೆಗಳು. ಅಂಪಾಯರ್‌ಗಳ ಪಟ್ಟಿ ಮಾಡುವವನ ಪಾಡು ಮದುವೆಯ ಹೇಳಿಕೆ ಕಾಗದ ಬರೆಯುವವನ ಪಾಡಿನಂತೆಯೇ. ಒಂದು ಮನೆ ಮರೆತರೆ ಕಥೆ ಮುಗಿಯಿತು. ಹೊರಗಿನಿಂದ ಅಂಪಾಯರ್‌ಗಳನ್ನು ಕರೆಸಿದರೆ ಈ ತೊಡಕಿಲ್ಲ. ಆದರೆ ಬರೀ ಹೊರಗಿನವರನ್ನೇ ನೆಚ್ಚಿಕೊಂಡ ಊರಿನಲ್ಲಿ ಅಂಪಾಯರ್ ಹುಟ್ಟುವುದಿಲ್ಲ ಎಂಬುದೂ ಅಷ್ಟೇ ನಿಜ.

ಪಟ್ಟಿ ಮಾಡುವವನಿಗೆ ಇಂಗ್ಲಿಷಿನಿಂದ ಬಂದ ಹೆಸರು ಅಂಪಾಯರ್ಸ್ ಮ್ಯಾನೇಜರ್. ದೊಡ್ಡ ಪಂದ್ಯಾಟಗಳಲ್ಲೆಲ್ಲ ಈಗ ಈ ಹುದ್ದೆಯಿದೆ. ಇಂದು ಯಾರು ಯಾವ ಪಂದ್ಯಕ್ಕೆ, ಯಾರ ಜೊತೆಗೆ ಯಾರು ಎಂದು ನಿರ್ಧರಿಸುವುದು, ಅವರ ಆಟವನ್ನು (ಅವರದ್ದೂ ಒಂದು ಆಟವೇ) ಹೊರಗೆ ಕುಳಿತು ನೋಡುವುದು, ಪಂದ್ಯ ಮುಗಿದ ಮೇಲೆ ಕುಳ್ಳಿರಿಸಿಕೊಂಡು ಮಾತಾಡುವುದು, ಇವು ಅವರ ಕೆಲಸ. ನನ್ನ ಅಭಿಪ್ರಾಯದಲ್ಲಿ ಪಂದ್ಯಾಟದ ಯಶಸ್ಸು ಅಧ್ಯಕ್ಷರ ಭಾಷಣಕ್ಕಿಂತ ಇವರ ಚೀಟಿಯ ಮೇಲೆ ಹೆಚ್ಚು ನಿಂತಿದೆ. ಹೊಸಬನನ್ನು ಹೊಸಬನ ಜೊತೆ ಹಾಕಬಾರದು. ಹಾಗೆಂದು ಹಳಬರಿಬ್ಬರನ್ನೇ ಸದಾ ಒಟ್ಟು ಹಾಕಿದರೆ ಹೊಸಬ ಹೊಸಬನಾಗಿಯೇ ಉಳಿಯುತ್ತಾನೆ. ನಿನ್ನೆ ಯಾವ ತಂಡದೊಡನೆ ಜಟಾಪಟಿಯಾಯಿತೋ ಅದೇ ತಂಡಕ್ಕೆ ಮರುದಿನ ಅದೇ ಅಂಪಾಯರ್‌ನನ್ನು ಕಳಿಸಬಾರದು. ಅಂತಿಮ ಪಂದ್ಯವನ್ನು ಹಿರಿತನಕ್ಕೆ ಕೊಡುವ ಸನ್ಮಾನವನ್ನಾಗಿ ಮಾಡುವ ಪದ್ಧತಿಯೊಂದಿದೆ. ಅದನ್ನು ನಾನು ಒಪ್ಪುವುದಿಲ್ಲ. ಆ ತಿಂಗಳಲ್ಲಿ ಯಾರು ಚೆನ್ನಾಗಿ ಊದಿದರೋ ಅವರಿಗೆ ಅದು ಸಲ್ಲಬೇಕು.

ಯಕ್ಷಗಾನ ಮೇಳಗಳನ್ನು ನೋಡಿ ಬೆಳೆದ ನಮಗೆ ಈ ಕ್ರಮ ಹೊಸದೇನಲ್ಲ. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ವರ್ಷವೇ ಕರ್ಣನ ವೇಷ ಕೊಡುತ್ತಾರೆಯೇ? ಪೂರ್ವರಂಗದ ಕೋಡಂಗಿ, ಬಾಲಗೋಪಾಲ, ಆಮೇಲೆ ನಿತ್ಯವೇಷ. ಸಭೆ ಇನ್ನೂ ನೆರೆಯುವ ಮುನ್ನ ಕುಣಿದು ಕುಣಿದು ಕಾಲು ಗಟ್ಟಿಯಾಗಬೇಕು. ರಾತ್ರಿಯಿಡೀ ಚೌಕಿಯಲ್ಲೂ ರಂಗದ ಬದಿಯಲ್ಲೂ ಕುಳಿತು ಹಿರಿಯರ ನಡೆ ನೋಡಬೇಕು. ಅಂಪಾಯರ್‌ನ ತರಬೇತಿಯೂ ಹೆಚ್ಚು ಕಡಿಮೆ ಹೀಗೆಯೇ. ಬಾಯಿಪಾಠ ಮಾಡಿ ನಿಯಮಗಳ ಪರೀಕ್ಷೆ ಪಾಸಾಗುವುದು ಬರೀ ಹೆಜ್ಜೆ ಕಲಿತಂತೆ. ರಂಗಸ್ಥಳ ಬೇರೆಯೇ.

ನಿಲ್ಲುವ ಜಾಗ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. ನಾನು ಟಿ.ಸಿ.ಎಚ್. ಓದಿದ್ದು ಕೊಡಗಿನಲ್ಲಿ. ಅಲ್ಲಿ ಸ್ವಲ್ಪ ಕೋಲು ಹಿಡಿದಿದ್ದೆ. ಊರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ, ಹಲವು ವರ್ಷಗಳ ಹಿಂದೆ, ಶಾಲಾ ಮಕ್ಕಳ ಹಾಕಿ ಪಂದ್ಯವೊಂದಕ್ಕೆ ಅಂಪಾಯರ್ ಬರಲಿಲ್ಲ. ಫುಟ್‌ಬಾಲ್, ಕಬಡ್ಡಿಗಳ ನಮ್ಮ ಜಿಲ್ಲೆಯಲ್ಲಿ ಹಾಕಿ ಬಲ್ಲ ಅಧ್ಯಾಪಕರು ಎಷ್ಟು ಮಂದಿ ಇದ್ದಾರು? "ನಿಮಗೆ ಗೊತ್ತಲ್ಲ ಮಾಷ್ಟ್ರೆ, ಊದಿಬಿಡಿ" ಎಂದು ವಿಸಿಲು ಕೈಗೆ ಕೊಟ್ಟರು. ಊದಿದೆ.

ಮುಗಿಯಲು ಕೆಲವೇ ನಿಮಿಷಗಳಿರುವಾಗ ಒಬ್ಬ ಹುಡುಗ ದೂರದಿಂದ ಬಲವಾಗಿ ಹೊಡೆದ. ಚೆಂಡು ರಕ್ಷಣೆಗೆ ನಿಂತ ಹುಡುಗನೊಬ್ಬನ ಕೋಲಿಗೆ ತಾಗಿ ಒಳಗೆ ಹೋಯಿತು. ನಾನು ಗೋಲು ಕೊಟ್ಟೆ. ಹಾಕಿಯಲ್ಲಿ ದಾಳಿ ಮಾಡುವ ತಂಡದವರು ವೃತ್ತದ ಒಳಗೆ ಚೆಂಡನ್ನು ಆಡಿದ್ದರೆ ಮಾತ್ರ ಗೋಲು. ಹೊರಗಿನಿಂದ ಹೊಡೆದದ್ದು ರಕ್ಷಕನ ಕೋಲಿಗೆ ತಾಗಿ ಒಳಗೆ ಹೋದರೆ ಗೋಲಲ್ಲ. ಈ ನಿಯಮ ನನಗೆ ತಿಳಿಯದ್ದೇನಲ್ಲ. ಆದರೆ ಹುಡುಗ ಹೊಡೆದದ್ದು 14.63 ಮೀಟರಿನ ಆ ಗೆರೆಯ ಒಳಗಿನಿಂದಲೋ ಹೊರಗಿನಿಂದಲೋ ನನಗೆ ಕಾಣಿಸಲಿಲ್ಲ. ಯಾಕೆಂದರೆ ನಾನು ಮಧ್ಯಗೆರೆಯ ಹತ್ತಿರ, ಆಟಗಾರರ ಬೆನ್ನ ಹಿಂದೆ ನಿಂತಿದ್ದೆ. ಸೋತ ತಂಡದ ನಾಯಕ ಹತ್ತಿರ ಬಂದ. ಜಗಳಕ್ಕೆ ಬಂದದ್ದಲ್ಲ. "ಅದು ಗೆರೆಯ ಹೊರಗಿಂದ ಅಲ್ವಾ ಮಾಷ್ಟ್ರೆ?" ಎಂದು ಮೆಲ್ಲಗೆ ಕೇಳಿದ. ನಾನು ಗಡಸಾಗಿ ಕೈ ತೋರಿಸಿ ಕಳಿಸಿದೆ. ತಪ್ಪಿಗಿಂತ ಆ ಗಡಸು ಇವತ್ತಿಗೂ ಚುಚ್ಚುತ್ತದೆ.

ಅಂಪಾಯರ್‌ನ ತಪ್ಪುಗಳಲ್ಲಿ ಹೆಚ್ಚಿನವು ನಿಯಮ ತಿಳಿಯದೆ ಆಗುವುದಲ್ಲ, ನಿಲ್ಲಬೇಕಾದಲ್ಲಿ ನಿಲ್ಲದೆ ಆಗುವುದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಬ್ಬರು ಅಂಪಾಯರ್‌ಗಳು ಮೈದಾನವನ್ನು ಅರ್ಧರ್ಧ ಹಂಚಿಕೊಂಡು, ಎದುರುಬದುರು ಬದಿಗಳಲ್ಲಿ ಓಡುತ್ತಾರೆ. ವಿರಾಮದ ಬಳಿಕ ತಂಡಗಳು ದಿಕ್ಕು ಬದಲಿಸುತ್ತವೆ, ಅಂಪಾಯರ್ ಬದಲಿಸುವುದಿಲ್ಲ. ತನ್ನ ಅರ್ಧದ ವೃತ್ತದೊಳಗಿನ ಗೋಲು, ಪೆನಾಲ್ಟಿ ಕಾರ್ನರ್, ಪೆನಾಲ್ಟಿ ಸ್ಟ್ರೋಕ್ ಇವೆಲ್ಲ ಅವನೊಬ್ಬನ ಹೊಣೆ. ದಾಳಿ ಅವನ ಕಡೆಗೆ ಬರುವಾಗ ಚೆಂಡಿಗಿಂತ ಮುಂದೆ ಓಡಿ, ವೃತ್ತದ ಗೆರೆಯೂ ಆಟಗಾರರ ಪಾದಗಳೂ ಒಟ್ಟಿಗೆ ಕಾಣುವಲ್ಲಿ ನಿಲ್ಲಬೇಕು. ಚೆಂಡಿನ ಹಿಂದೆ ಓಡುವ ಅಂಪಾಯರ್‌ಗೆ ಕಾಣುವುದು ಬೆನ್ನುಗಳು ಮಾತ್ರ. ಜೊತೆಗಾರ ಆಚೆ ಬದಿಯಿಂದ ನೋಡುತ್ತಿರುತ್ತಾನೆ. ಕಾಣದಿದ್ದರೆ ಅವನತ್ತ ಕಣ್ಣು ಹಾಯಿಸಬೇಕು, ಅನುಮಾನವಿದ್ದರೆ ಆಟ ನಿಲ್ಲಿಸಿ ಕೇಳಬೇಕು. ಕೇಳುವುದು ಸೋಲೆಂದು ಹೊಸ ಅಂಪಾಯರ್ ಎಣಿಸುತ್ತಾನೆ. ನಾನೂ ಹಾಗೆಯೇ ಎಣಿಸಿದ್ದೆ.

2024ರ ಉತ್ಸವಕ್ಕೆ ಒಂದು ದಿನ ಹೋಗಿದ್ದೆ. ಕಾಞಂಗಾಡಿನಿಂದ ಪಾಣತ್ತೂರು, ಕರಿಕೆ ದಾಟಿ ಭಾಗಮಂಡಲದ ದಾರಿ. ನಾಪೋಕ್ಲಿನ ಮೈದಾನದ ಹೆಸರು ಚೆರಿಯಪರಂಬು. ಮಲಯಾಳ ಬಲ್ಲ ನಮ್ಮವರ ಕಿವಿಗೆ ಅದು 'ಚಿಕ್ಕ ಹಿತ್ತಿಲು' ಎಂದೇ ಕೇಳಿಸುತ್ತದೆ, ಹಿತ್ತಿಲಂತೂ ಚಿಕ್ಕದಲ್ಲ. ಗ್ಯಾಲರಿಯಲ್ಲಿ ಕುಳಿತು ಎರಡು ಪಂದ್ಯ ನೋಡಿದೆ. ಮೂರನೆಯದರ ಹೊತ್ತಿಗೆ ನೆರಳು ಹುಡುಕಿಕೊಂಡು ಹಿಂಬದಿಗೆ ಹೋದಾಗ, ಆಗಷ್ಟೇ ಪಂದ್ಯ ಮುಗಿಸಿ ಬಂದಿದ್ದ ಹುಡುಗನೊಬ್ಬ, ಬೆವರಿಗೆ ಅಂಗಿ ಬೆನ್ನಿಗಂಟಿಕೊಂಡಿತ್ತು, ನೆಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಅವನೆದುರು ಅರುವತ್ತರ ಆಸುಪಾಸಿನ ಹಿರಿಯರೊಬ್ಬರು ಕೋಲಿನ ತುದಿಯಿಂದ ಮಣ್ಣಿನಲ್ಲಿ ಅರ್ಧ ವೃತ್ತವೊಂದನ್ನು ಗೀಚಿದ್ದರು. ಒಂದು ಕಲ್ಲು ಗೋಲು, ಎರಡು ಕಲ್ಲುಗಳು ಆಟಗಾರರು, ವಿಸಿಲು ಅಂಪಾಯರ್. ಅವರು ವಿಸಿಲನ್ನು ಎರಡು ಗೇಣು ಮುಂದಕ್ಕೆ ಸರಿಸಿ, ಇಲ್ಲಿಂದ ಏನು ಕಾಣುತ್ತದೆ ಎಂದು ಕೇಳಿದರು. ಹುಡುಗ ಬಗ್ಗಿ ನೋಡಿ ಹೇಳಿದ. ಮತ್ತೆ ಹಿಂದಕ್ಕೆ ಸರಿಸಿ, ಇಲ್ಲಿಂದ? ಹುಡುಗ ನಕ್ಕ. ಅಷ್ಟೇ ಮಾತು. ಬಳಿಕ ಇಬ್ಬರೂ ಚಹಾಕ್ಕೆ ಹೋದರು.

ಐದು ನಿಮಿಷವೂ ಆಗಲಿಲ್ಲ. ಇಪ್ಪತ್ತು ತಪ್ಪುಗಳ ಪಟ್ಟಿ ಓದಿ ಹೇಳುವ ಹಿರಿಯರು ಎಲ್ಲ ಕ್ಷೇತ್ರಗಳಲ್ಲೂ ಇದ್ದಾರೆ. ನಮ್ಮ ಶಾಲೆಗಳಿಗೆ ತಪಾಸಣೆಗೆ ಬರುವವರಲ್ಲೂ ಇದ್ದಾರೆ. ಪಟ್ಟಿ ಕೇಳಿದವನಿಗೆ ಮರುದಿನ ಒಂದೂ ನೆನಪಿರುವುದಿಲ್ಲ, ಅವಮಾನ ಮಾತ್ರ ನೆನಪಿರುತ್ತದೆ. ಒಂದು ಪಂದ್ಯಕ್ಕೆ ಒಂದು ಪಾಠ, ಹೆಚ್ಚೆಂದರೆ ಎರಡು. ನಲ್ವತ್ತು ಪಂದ್ಯ ಊದಿದವನಿಗೆ ನಲ್ವತ್ತು ಪಾಠ ಸಾಲದೆ?

ಊದದಿರುವ ವಿದ್ಯೆ

ಹಾಕಿಯ ಆರಂಭದ ವರ್ಷಗಳಲ್ಲಿ ಆಟಗಾರರು ಮನವಿ ಮಾಡಿದರೆ ಮಾತ್ರ ಅಂಪಾಯರ್ ತೀರ್ಪು ಕೊಡುತ್ತಿದ್ದ. ಆಮೇಲೆ ತಾನಾಗಿ ಊದುವ ಅಧಿಕಾರ ಬಂತು. ಬಳಿಕ ಆಟ ವೇಗವಾಗುತ್ತ ಬಂತು. ಹಿಂದೆ ಬುಲ್ಲಿಯಿಂದ ಆಟ ಆರಂಭವಾಗುತ್ತಿತ್ತು, ಈಗ ಒಂದು ಪಾಸಿನಿಂದ. 1990ರ ದಶಕದಲ್ಲಿ ಆಫ್‌ಸೈಡ್ ಹೋಯಿತು. 2009ರಿಂದ ಫ್ರೀ ಹಿಟ್ ಸಿಕ್ಕಿದವನು ಮತ್ತೊಬ್ಬನಿಗೆ ಕೊಡಲು ಕಾಯದೆ ತಾನೇ ಚೆಂಡನ್ನು ಒಯ್ಯಬಹುದು. ಒಂದೊಂದು ಬದಲಾವಣೆಯೂ ಅಂಪಾಯರ್‌ನ ಕಾಲಿಗೂ ಕಣ್ಣಿಗೂ ಹೊಸ ಕೆಲಸ ಕೊಟ್ಟಿದೆ. ಹಳೆಯ ಕಾಲದಲ್ಲಿ ಆಡಿದ ಪ್ರೇಕ್ಷಕರು ಗ್ಯಾಲರಿಯಿಂದ ಕೂಗುವ ಅರ್ಧದಷ್ಟು ಆಕ್ಷೇಪಗಳು ಈಗ ಇಲ್ಲದ ನಿಯಮಗಳಿಗೆ ಸಂಬಂಧಿಸಿದವು. ಅದನ್ನು ಅವರಿಗೆ ಹೇಳುವವರು ಯಾರು?

ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ ಊದದೆ ಇರುವುದು. ನಿಯಮ ಮುರಿದದ್ದಕ್ಕೆಲ್ಲ ವಿಸಿಲು ಊದಬೇಕಾಗಿಲ್ಲ. ಅದರಿಂದ ಎದುರಾಳಿಗೆ ತೊಂದರೆಯಾದರೆ ಮಾತ್ರ ದಂಡ. ಒಬ್ಬನ ಕಾಲಿಗೆ ಚೆಂಡು ತಾಗಿತು, ಆದರೆ ಅದು ಎದುರಾಳಿಗೇ ಅನುಕೂಲವಾಗಿ ಸಿಕ್ಕಿತು ಎಂದಾದರೆ ಆಟ ಬಿಡಬೇಕು. ಹಾಗೆ ಬಿಟ್ಟ ಮೇಲೆ, ಆ ತಂಡ ಚೆಂಡನ್ನು ಕಳೆದುಕೊಂಡಿತೆಂದು ಹಿಂದಕ್ಕೆ ಹೋಗಿ ಫ್ರೀ ಹಿಟ್ ಕೊಡುವಂತಿಲ್ಲ. ಎರಡು ಅವಕಾಶಗಳಿಲ್ಲ. ಹೊಸ ಅಂಪಾಯರ್ ಎಲ್ಲದಕ್ಕೂ ಊದುತ್ತಾನೆ, ಹೊಸ ಮಾಷ್ಟ್ರು ಎಲ್ಲದಕ್ಕೂ ಕೆಂಪು ಶಾಯಿ ಹಾಕುವ ಹಾಗೆ. ಊದುವ ರೀತಿಯಲ್ಲೂ ಭಾಷೆಯಿದೆ. ಸಣ್ಣ ತಪ್ಪಿಗೆ ಸಣ್ಣ ಸದ್ದು. ಬೇಕೆಂದೇ ಮಾಡಿದ್ದಕ್ಕೆ ಗ್ಯಾಲರಿಗೆ ಕೇಳುವಂಥದ್ದು. ಅದಕ್ಕೂ ಜಗ್ಗದಿದ್ದರೆ ಒಂದು ಮಾತು, ಆಮೇಲೆ ಹಸಿರು ಕಾರ್ಡು, ಎರಡು ನಿಮಿಷ ಹೊರಗೆ. ಹಳದಿಗೆ ಕನಿಷ್ಠ ಐದು ನಿಮಿಷ. ಕೆಂಪಾದರೆ ಆ ಪಂದ್ಯಕ್ಕೆ ಮುಕ್ತಾಯ. ಮೆಟ್ಟಿಲುಗಳಿವೆ. ನೇರವಾಗಿ ಅಟ್ಟಕ್ಕೆ ಹಾರುವ ಅಂಪಾಯರ್ ಕೆಳಗಿಳಿಯಲು ದಾರಿಯಿಲ್ಲದೆ ಒದ್ದಾಡುತ್ತಾನೆ.

ಕರ್ನಾಟಕದಿಂದ ಈ ವಿದ್ಯೆಯಲ್ಲಿ ಮೇಲೇರಿದವರಿಲ್ಲದಿಲ್ಲ. ಬೆಂಗಳೂರಿನ ರಘುಪ್ರಸಾದ್ ಅವರು 2016ರ ರಿಯೊ ಒಲಿಂಪಿಕ್ಸ್‌ನಲ್ಲೂ ಬಳಿಕ ಟೋಕಿಯೊದಲ್ಲೂ ಅಂಪಾಯರ್ ಆಗಿದ್ದರು. ಕೊಡಗಿನ ಪುಚ್ಚಿಮಂಡ ಅನುಪಮಾ ಅವರು ಆಟಗಾರ್ತಿಯಾಗಿದ್ದು ಬಳಿಕ ವಿಸಿಲು ಹಿಡಿದು ಅಂತರರಾಷ್ಟ್ರೀಯ ಪಂದ್ಯಗಳವರೆಗೆ ಹೋದವರು. 2021ರಲ್ಲಿ ಕೋವಿಡ್ ಅವರನ್ನು ಒಯ್ದಿತು. ಕೊಡಗಿನ ಹಾಕಿಯೆಂದರೆ ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಎಂದು ನಮ್ಮ ಬಾಯಿಗೆ ಬರುತ್ತದೆ. ಅನುಪಮಾ ಅವರ ಹೆಸರು ಅದೇ ಉಸಿರಿನಲ್ಲಿ ಬರುವುದಿಲ್ಲ. ಬರಬೇಕಿತ್ತು.

ಅಷ್ಟೆತ್ತರಕ್ಕೆ ಹೋಗುವವರು ಒಬ್ಬಿಬ್ಬರು. ಹವ್ಯಾಸಿ ಆಟಕ್ಕೆ ಬೇಕಾದವರು ನೂರಾರು ಮಂದಿ. ಅವರು ಸಿಗದಿರುವುದಕ್ಕೆ ಹಣ ಕಡಿಮೆಯೆಂಬುದೊಂದೇ ಕಾರಣವಲ್ಲ. ಬೈಗುಳ. ಹತ್ತೊಂಬತ್ತರ ಹುಡುಗ ಮೊದಲ ಪಂದ್ಯದಲ್ಲಿ ಒಂದು ಪೆನಾಲ್ಟಿ ಕಾರ್ನರ್ ತಪ್ಪಿದರೆ, ಅವನ ಅಪ್ಪನ ವಯಸ್ಸಿನವರು ಗೆರೆಯ ಬದಿಗೆ ಬಂದು ಆಡುವ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಆಟಗಾರ ಗೋಲಿನೆದುರು ಚೆಂಡು ತಪ್ಪಿದರೆ "ಪಾಪ" ಎನ್ನುತ್ತೇವೆ. ಆ ಹುಡುಗ ಮರುವರ್ಷ ಬರುವುದಿಲ್ಲ. ಅವನು ಬಾರದೆ ಇದ್ದುದನ್ನು ಯಾರೂ ಗಮನಿಸುವುದೂ ಇಲ್ಲ. ಇದ್ದ ಹಳಬರ ಮೇಲೆ ಇನ್ನೆರಡು ಪಂದ್ಯಗಳು ಹೆಚ್ಚು ಬೀಳುತ್ತವೆ. ನಮ್ಮ ತೃಕ್ಕರಿಪುರದ ಕಡೆಯ ಫುಟ್‌ಬಾಲ್‌ನಲ್ಲೂ ಊರೂರ ಕಬಡ್ಡಿಯಲ್ಲೂ ಬೇರೆ ಕಥೆಯೇನಿಲ್ಲ. ಟ್ರೋಫಿಗೆ, ಮೈಕಿಗೆ, ಬಿರಿಯಾನಿಗೆ ಹಣ ಹೊಂದಿಸಿ, ಪಂದ್ಯದ ಹಿಂದಿನ ರಾತ್ರಿ "ರೆಫ್ರಿ ಯಾರಾದ್ರೂ ಸಿಗ್ತಾರಾ?" ಎಂದು ಫೋನು ಮಾಡುವ ಸಂಘಟಕರನ್ನು ನಾನು ಬಲ್ಲೆ.

ಕಳೆದ ವರ್ಷ ನಮ್ಮ ಶಾಲೆಯಲ್ಲಿ ತರಗತಿಗಳ ನಡುವಣ ಕಬಡ್ಡಿಗೆ ವಿಸಿಲನ್ನು ಮಕ್ಕಳ ಕೈಗೇ ಕೊಟ್ಟು ನೋಡಿದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತರಗತಿಯ ಪಂದ್ಯಕ್ಕೇ ನಿಲ್ಲಬೇಕಾಗಿ ಬಂತು. ಬೇರೆ ಯಾರೂ ಮುಂದೆ ಬರಲಿಲ್ಲ. ತನ್ನ ಗೆಳತಿ ಗೆರೆ ಮೆಟ್ಟಿದ್ದನ್ನು ಅವಳು ಕಂಡಳು, ಊದಿದಳು, ಔಟ್ ಕೊಟ್ಟಳು. ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಪಕ್ಕದಲ್ಲಿ ಯಾರೂ ಕುಳಿತಿರಲಿಲ್ಲ. ಹೋಗಿ ಏನಾದರೂ ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಮರುದಿನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮಾಷ್ಟ್ರೆ, ವಿಸಿಲು ಇವತ್ತೂ ನನಗೇ ಉಂಟಾ?" ಎಂದು ಕೇಳಿದಳು.

ಕೊಡಗಿನ ಲೆಕ್ಕವನ್ನು ಅವಳೂ ಯಾರಿಂದಲೋ ಕೇಳಿದ್ದಾಳೆ. ಹಾಕಿಯ ನಿಯಮಪುಸ್ತಕ ಓದಬೇಕಂತೆ. ನನ್ನಲ್ಲಿರುವುದು ಇಂಗ್ಲಿಷಿನದು. ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ಅದು ಕಬ್ಬಿಣದ ಕಡಲೆ. ಹಾಗಾಗಿ ರಾತ್ರಿ ಕುಳಿತು ಸ್ವಲ್ಪಸ್ವಲ್ಪವಾಗಿ ಕನ್ನಡ ಮಾಡುತ್ತಿದ್ದೇನೆ. ಬೆಳಿಗ್ಗೆ ಅವಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ, ಅವಳ ಜೊತೆಗೆ ಈಗ ಮತ್ತಿಬ್ಬರು. ಅಂಪಾಯರ್‌ಗಳ ಕುರಿತಾದ ಹನ್ನೊಂದನೆಯ ನಿಯಮ ಮುಗಿದಿದೆ. ಹನ್ನೆರಡನೆಯದರ ಮೊದಲ ವಾಕ್ಯವೇ ಅಡ್ವಾಂಟೇಜ್. 'ಅನುಕೂಲ' ಎಂದು ಬರೆದೆ, ಸರಿಕಾಣಲಿಲ್ಲ. 'ಲಾಭ' ಎಂದರೆ ಅಂಗಡಿಯ ಮಾತಾಯಿತು. ಹುಡುಗಿಯರನ್ನೇ ಕೇಳಿದೆ. ಅವರು ತಮ್ಮೊಳಗೆ ಗುಸುಗುಸು ಮಾತಾಡಿಕೊಂಡು, "ಆಡಲಿಕ್ಕೆ ಬಿಡುವುದು ಅಂತ ಬರೀರಿ ಮಾಷ್ಟ್ರೆ" ಎಂದರು. ಹಾಗೆಯೇ ಬರೆದಿದ್ದೇನೆ.